ಇಡಿಯಾದವು ಮಾತ್ರ ಎಣಿಕೆಗೆ

ಏಪ್ರಿಲ್ ೨೪, ಶುಕ್ರವಾರ

ನಲವತ್ತು ವರ್ಷ ಪರರ ವಾಕ್ಯಗಳನ್ನು ತಿದ್ದಿದವಳಿಗೆ, ತನ್ನ ವಾಕ್ಯಗಳನ್ನು ಯಾರ ಕೈಗೂ ಕೊಡದೆ ಬರೆದಿಡುವುದರಲ್ಲಿ ಒಂದು ಬಗೆಯ ನೆಮ್ಮದಿಯಿದೆ. ಈ ಪುಸ್ತಕವನ್ನು ನನ್ನ ಹೊರತು ಬೇರೆ ಯಾರೂ ಓದತಕ್ಕದ್ದಲ್ಲ. ತಂಗಿಯಂತೂ ಸರ್ವಥಾ ಅಲ್ಲ.

ಬೆಳಿಗ್ಗೆ ಗಂಟೆ ಫಾದರ್ ಬಂದಿದ್ದರು. ನಮ್ಮ ಚರ್ಚಿನ, ಅಂದರೆ ಧರ್ಮಕೇಂದ್ರದ, ಆಡಳಿತವನ್ನು ನೋಡಿಕೊಳ್ಳುವ ಕಿರಿಯ ಗುರುಗಳು. ಒಂದು ಕಾಲದಲ್ಲಿ ನನ್ನ ಐದನೆಯ ತರಗತಿಯ ಕೊನೆಯ ಬೆಂಚಿನವರು. ಪಾಠ ಮುಗಿಯಲು ಇನ್ನೂ ಹತ್ತು ನಿಮಿಷವಿರುವಾಗಲೇ ಶಾಲೆಯ ಗಂಟೆ ಬಾರಿಸಿ ಸಿಕ್ಕಿಬಿದ್ದರು. ಅಂದು ಅಂಟಿದ ಹೆಸರು ಗುರುದೀಕ್ಷೆಯಾದ ಮೇಲೂ ಬಿಟ್ಟಿಲ್ಲ.

"ಮಿಸ್, ಕಾರ್ಮಿಕರ ಭಾನುವಾರ ನೀವೊಂದರ್ಧ ಗಂಟೆ ಮಾತಾಡ್ಬೇಕು. ನ್ಯಾಯವಾದ ಕೂಲಿ ಬಗ್ಗೆ ಧರ್ಮಸಭೆ ಏನು ಹೇಳುತ್ತೆ ಅಂತ. ನಾನು ಹೇಳಿದ್ರೆ ಎಲ್ಲರೂ ನಿದ್ದೆ ಹೋಗ್ತಾರೆ."

"ನಾನು ಹೇಳಿದಾಗ ನೀನು ಹೋಗುತ್ತಿದ್ದೆಯಲ್ಲ."

ದೀಕ್ಷೆ ಪಡೆದವರನ್ನು ಏಕವಚನದಲ್ಲಿ ಮಾತನಾಡಿಸಬಾರದು. ಆ ನಿಯಮ ನನಗೆ ಗೊತ್ತು, ನಾಲಿಗೆಗೆ ಗೊತ್ತಿಲ್ಲ. ಅವರು ನಕ್ಕು, ಒಪ್ಪಿಗೆಯಾಯಿತೆಂದು ತಿಳಿದು ಹೊರಟರು. ಒಪ್ಪಿಗೆಯೇ. ಹನ್ನೊಂದು ವರ್ಷಗಳಿಂದ ಪಾಲನಾ ಸಮಿತಿಯ ನಡಾವಳಿ ಪುಸ್ತಕವನ್ನು ಒಂದು ಕಾಟು ಗೆರೆಯೂ ಇಲ್ಲದಂತೆ ಬರೆಯುತ್ತಿರುವ ನನ್ನನ್ನು ಬಿಟ್ಟು ಈ ಕೆಲಸಕ್ಕೆ ಅವರು ಇನ್ನಾರನ್ನು ಕೇಳಿಯಾರು?

ಟಿಪ್ಪಣಿ ಮಾಡಲು ಕುಳಿತರೆ ಗೋಡೆಯ ಸದ್ದು ಬಿಡಲಿಲ್ಲ. ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಧರ್ಮಕೇಂದ್ರದ ಓಸ್ತಿಕೋಣೆಯಿದೆ. ಬಲಿಪೂಜೆಯಲ್ಲಿ ಹಂಚುವ ಬಿಳಿಯ ತೆಳುಬಿಲ್ಲೆಗಳನ್ನು ನಾಲ್ವರು ಹೆಂಗಸರು ಅಲ್ಲಿ ತಯಾರಿಸುತ್ತಾರೆ. ಬಿಲ್ಲೆ ಕತ್ತರಿಸುವ ಅಚ್ಚು ಬೆಳಗಿನ ಎಂಟರಿಂದ ಸಂಜೆಯ ಐದರವರೆಗೆ ಟಕ್ ಟಕ್ ಎಂದು ಬೀಳುತ್ತಲೇ ಇರುತ್ತದೆ. ಅಚ್ಚಿನ ಕೆಳಗೆ ಒಂದು ದಪ್ಪ ಬಟ್ಟೆ ಹಾಸುವುದಕ್ಕೇನು ಕಷ್ಟ? ದೂರು ಕೊಡಬೇಕು.

ಮೇ ೩, ಭಾನುವಾರ

ಸಭಾಂಗಣ ತುಂಬಿತ್ತು. ಧ್ವನಿವರ್ಧಕ ಕೈಕೊಟ್ಟಿತು, ನನಗೇನೂ ತೊಂದರೆಯಾಗಲಿಲ್ಲ. ಅರವತ್ತು ಮಕ್ಕಳ ತರಗತಿಯ ಹಿಂದಿನ ಗೋಡೆಯನ್ನು ತಲುಪುತ್ತಿದ್ದ ಕಂಠ ಇನ್ನೂ ಇದೆ.

ದುಡಿಮೆ ಅಂಗಡಿಯ ಸರಕಲ್ಲ, ಅದನ್ನು ಮಾಡುವ ಮನುಷ್ಯನಿಂದ ಅದನ್ನು ಬೇರ್ಪಡಿಸಿ ತೂಗಲಾಗದು ಎಂದು ಆರಂಭಿಸಿದೆ. ದುಡಿಯುವವನೂ ಅವನ ಸಂಸಾರವೂ ಮಾನದಿಂದ ಬದುಕುವಷ್ಟು ದೊರೆತಾಗ ಮಾತ್ರ ಅದು ನ್ಯಾಯವಾದ ಕೂಲಿ ಎಂಬುದು ಧರ್ಮಸಭೆಯ ಬೋಧನೆ ಎಂದು ವಿವರಿಸಿದೆ. 'ಅವನೇ ಒಪ್ಪಿ ಸಹಿ ಹಾಕಿದ್ದಾನಲ್ಲ' ಎಂಬ ಸಮಾಧಾನ ಸಾಲದು; ಬೇರೆ ದಾರಿಯಿಲ್ಲದವನ ಒಪ್ಪಿಗೆಯಿಂದ ಅನ್ಯಾಯವು ನ್ಯಾಯವಾಗುವುದಿಲ್ಲ ಎಂದು ಒತ್ತಿ ಹೇಳಿದೆ. ಕೂಲಿಯನ್ನು ವಂಚಿಸುವುದು ನೇರವಾಗಿ ದೇವರ ಕಿವಿಗೆ ಮುಟ್ಟುವ ಪಾಪಗಳಲ್ಲೊಂದು ಎಂದು ಮುಗಿಸಿದೆ. ದೀರ್ಘ ಕರತಾಡನ. ಸಮಿತಿಯ ವಕೀಲರು ಎದ್ದು ನಿಂತೇ ತಟ್ಟಿದರು.

ಇಳಿದು ಬರುವಾಗ ಮೆಟ್ಟಿಲ ಬಳಿ ಒಬ್ಬಳು ಅಡ್ಡ ನಿಂತಳು. ಓಸ್ತಿಕೋಣೆಯ ಅಚ್ಚಿನವಳು. ನನ್ನ ಹಗಲುಗಳನ್ನು ಕುಟ್ಟುತ್ತಿರುವ ಕೈ ಇವಳದೇ.

"ಟೀಚರ್, ನೀವು ಹೇಳಿದ್ದು ನಿಜವಾ, ಇಲ್ಲಾ ಭಾಷಣಕ್ಕೆ ಅಂತ ಹೇಳಿದ್ದಾ?"

"ನಾನು ವೇದಿಕೆಯ ಮೇಲೆ ಒಂದು, ಕೆಳಗೆ ಒಂದು ಹೇಳುವವಳಲ್ಲ."

"ನಮ್ಮ ಕೋಣೆಗೂ ಅದು ಸೇರುತ್ತಾ?"

"ಎಲ್ಲ ಕೋಣೆಗಳಿಗೂ ಸೇರುತ್ತದೆ."

ಅವಳು ತಲೆಯಾಡಿಸಿ ಹೊರಟುಹೋದಳು. ಅವಳ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ. ಆದರೂ ಭಾಷಣವನ್ನು ಕೊನೆಯವರೆಗೆ ಕೇಳಿದ್ದಾಳೆ ಎಂಬುದಂತೂ ಸ್ಪಷ್ಟ.

ಮೇ ೫, ಮಂಗಳವಾರ

ಸಂಜೆ ಅಚ್ಚಿನವಳು ಮನೆಗೇ ಬಂದಳು. ಗೆರೆಪುಸ್ತಕದಿಂದ ಹರಿದ ಎರಡು ಹಾಳೆಗಳು, ಪೆನ್ಸಿಲಿನ ಬರಹ. ಸಮಿತಿಗೆ ಅರ್ಜಿಯಂತೆ. "ತಪ್ಪಿದ್ರೆ ನೋಡಿಕೊಡಿ ಟೀಚರ್" ಎಂದಳು. ಇದ್ದದ್ದು ಹೀಗೆ:

'ದೊಡ್ಡ ಫಾದರಿಗೆ ಮತ್ತೆ ಎಲ್ಲರಿಗೂ. ನೀರಿನ ಬೀರು ಕೆಟ್ಟು ಐದು ತಿಂಗಳು ಆಯಿತು. ಬೀರು ಕೆಟ್ಟರೆ ಹಾಳೆ ಒಣಗತ್ತೆ. ಒಣಗಿದ ಹಾಳೆಗೆ ಅಚ್ಚು ಹಾಕಿದರೆ ಬಿಲ್ಲೆ ಒಡೆಯತ್ತೆ. ಒಡೆದಿದ್ದು ನೀವು ಎಣಿಸಲ್ಲ. ನಾವು ಕೆಲಸ ಮಾಡಿದ್ದು ಅಷ್ಟೇ ಇದೆ ಬರುವುದು ಅರ್ದ ಆಗಿದೆ. ನನ್ನ ಮಗಳು ಸಿಸ್ಟರುಗಳ ಹಾಸ್ಟೆಲಲ್ಲಿ ಇದ್ದಾಳೆ ಮೂರು ವರುಷ. ನಾನು ಇರುವ ಊರಲ್ಲೇ ಇದ್ದಾಳೆ. ಭಾನುವಾರ ನೋಡಕ್ಕೆ ಹೋಗುತ್ತೇನೆ. ಹನ್ನೊಂದು ವಯಸ್ಸು. ಈ ವರುಷ ಮನೆಗೆ ಕರಕೊಂಡು ಬರುತ್ತೇನೆ ಅಂತ ಹೇಳಿದ್ದೇನೆ. ಇಬ್ಬರು ಉಣ್ಣುವಷ್ಟು ಬಂದರೆ ಕರಕೊಂಡು ಬರುತ್ತೇನೆ.'

ಕೆಂಪು ಮಸಿಯ ಪೆನ್ನಿನಿಂದ ಗುರುತು ಹಾಕುತ್ತ ಹೋದೆ. ಆಡುಮಾತಿನ ಕ್ರಿಯಾಪದಗಳು, ಗೌರವಸೂಚಕವಿಲ್ಲದ ಸಂಬೋಧನೆ, ಮೇಲಾಗಿ ವಿಷಯಕ್ಕೆ ಒಂದು ಶೀರ್ಷಿಕೆಯೇ ಇಲ್ಲ. ಮಗಳ ಭಾಗಕ್ಕೆ ಅಡ್ಡಗೆರೆ ಎಳೆದು ತಿಳಿಹೇಳಿದೆ:

"ನೋಡು, ಅರ್ಜಿಯಲ್ಲಿ ಮನೆಯ ಕಷ್ಟ ತೋಡಿಕೊಳ್ಳಬಾರದು. ಕನಿಕರ ಕೇಳಿದಂತಾಗುತ್ತದೆ. ನೀನು ಕೇಳುತ್ತಿರುವುದು ನ್ಯಾಯ."

"ಮಗಳಿಗೋಸ್ಕರ ಅಲ್ವಾ ಟೀಚರ್ ನಾನು ಕೇಳ್ತಿರೋದು?"

"ಅದು ನಿನ್ನ ಮನಸ್ಸಿನಲ್ಲಿರಲಿ. ನಾನೇ ಹೊಸದಾಗಿ ಬರೆದುಕೊಡುತ್ತೇನೆ."

ಅವಳು ಹೋದ ಮೇಲೆ, ಬಟಾಣಿ ಬಿಡಿಸುತ್ತ ಕುಳಿತಿದ್ದ ತಂಗಿ ಹಾಳೆಯನ್ನು ಎತ್ತಿ ನೋಡಿದಳು. "ಅಯ್ಯೋ ಅಕ್ಕ, ಕೋಳಿ ಕೊಯ್ದ ಹಾಗಿದೆಯಲ್ಲೇ! ಪಾಪ, ಅದು ಹೇಳಿದ್ದು ನನಗೆ ಅರ್ಥ ಆಗಿತ್ತು."

"ನಿನಗೆ ಅರ್ಥವಾದರೆ ಸಾಲದು. ಸಮಿತಿಗೆ ಆಗಬೇಕು."

"ಸಮಿತಿಯವರೇನು ನನಗಿಂತ ದಡ್ಡರಾ?"

ಗಂಡ ಸತ್ತು ಹನ್ನೆರಡು ವರ್ಷಗಳಿಂದ ನನ್ನ ಜೊತೆಯಲ್ಲಿದ್ದಾಳೆ. ಒಂದು ದಿನವೂ ಕೊನೆಯ ಮಾತನ್ನು ನನಗೆ ಬಿಟ್ಟುಕೊಟ್ಟಿಲ್ಲ.

ಮೇ ೭, ಗುರುವಾರ

ವಸ್ತುಸ್ಥಿತಿಯನ್ನು ಕಣ್ಣಾರೆ ಕಾಣದೆ ಅರ್ಜಿ ಬರೆಯುವುದು ಸರಿಯಲ್ಲವೆಂದು ಓಸ್ತಿಕೋಣೆಗೆ ಹೋದೆ. ಇಷ್ಟು ವರ್ಷ ಗೋಡೆಯ ಈಚೆಗಿದ್ದೂ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ.

ಬಿಸಿ. ಹಿಟ್ಟಿನಜ್ಜಿ ಎಂದು ಎಲ್ಲರೂ ಕರೆಯುವ ಮುದುಕಿಯೊಬ್ಬರು ಗೋಧಿಹಿಟ್ಟು, ನೀರು ಕಲಸುತ್ತಾರೆ; ಬೇರೇನನ್ನೂ ಸೇರಿಸುವಂತಿಲ್ಲ, ಉಪ್ಪನ್ನು ಸಹ. ಆ ತೆಳು ಹಿಟ್ಟನ್ನು ಕಾದ ಎರಡು ಕಬ್ಬಿಣದ ಫಲಕಗಳ ನಡುವೆ ಒತ್ತಿದರೆ ಅಗಲವಾದ ಬಿಳಿ ಹಾಳೆ ಬರುತ್ತದೆ. ಹಾಗೆಯೇ ಕತ್ತರಿಸಿದರೆ ಚೂರಾಗುತ್ತದೆ. ಆದ್ದರಿಂದ ಹಾಳೆಗಳನ್ನು ಒಂದಿಡೀ ರಾತ್ರಿ ನೀರಿನ ಹಬೆಯಾಡುವ ಬೀರುವಿನಲ್ಲಿಟ್ಟು ಮೆದುಗೊಳಿಸಬೇಕು. ಆ ಬೀರು ಕೆಟ್ಟಿದೆ. ಒಳಗೆ ಕೈಯಿಟ್ಟು ನೋಡಿದೆ. ನನ್ನ ಪುಸ್ತಕದ ಕಪಾಟಿನಷ್ಟೇ ಒಣಗಿತ್ತು.

ಅಚ್ಚಿನಾಕೆ ಒಂದು ಹಾಳೆಯನ್ನೆತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿದಳು. "ಕೇಳಿಸ್ತಾ ಟೀಚರ್? ಚಿರ್ ಅಂತಿದೆ. ಇದು ಹೋಯ್ತು. ಬಾಗಿಸಿದಾಗ ಸದ್ದಿಲ್ದಿದ್ರೆ ಹಾಳೆ ಚೆನ್ನಾಗಿದೆ ಅಂತ." ಅಚ್ಚು ಹಾಕಿದಳು. ಇಪ್ಪತ್ತು ಬಿಲ್ಲೆ ಬರಬೇಕಾದಲ್ಲಿ ಹನ್ನೊಂದು. ಉಳಿದವು ಅಂಚೊಡೆದು ತಟ್ಟೆಗೆ ಬಿದ್ದವು. ಒಬ್ಬರಿಗೊಬ್ಬರು ನಾದಿನಿ-ಅತ್ತಿಗೆಯಾದ ಇನ್ನಿಬ್ಬರು ಮೂಲೆಯಲ್ಲಿ ಕುಳಿತು ಆರಿಸುತ್ತಾರೆ: ಇಡಿಯಾದವು ಡಬ್ಬಿಗೆ, ಒಡೆದವು ಚೀಲಕ್ಕೆ. ಡಬ್ಬಿಯಲ್ಲಿ ಬಿದ್ದ ಸಾವಿರಕ್ಕೆ ಇಷ್ಟು ಎಂದು ಕೂಲಿ, ನಾಲ್ವರಿಗೂ ಸಮಪಾಲು. ಚೀಲಕ್ಕೆ ಬಿದ್ದದ್ದಕ್ಕೆ ಏನೂ ಇಲ್ಲ. ಚೀಲವನ್ನು ಮನೆಗೆ ಒಯ್ಯಬಹುದು.

"ನನ್ನ ಮಗಳಿಗೆ ಈ ಚೂರು ಅಂದ್ರೆ ಜೀವ. ಭಾನುವಾರ ಒಂದು ಚೀಲ ಒಯ್ತಿದ್ದೆ, ಈಗ ಮೂರು ಒಯ್ತೀನಿ. 'ಅಮ್ಮ, ಈಗ ಜಾಸ್ತಿ ಕೆಲಸ ಮಾಡ್ತೀಯಾ?' ಅಂತ ಕೇಳ್ತಾಳೆ" ಎಂದು ಅಚ್ಚಿನಾಕೆ ನಕ್ಕಳು. ಬಲಗೈಯ ಹೆಬ್ಬೆರಳು ಅಚ್ಚಿನ ಹಿಡಿಯ ಆಕಾರಕ್ಕೇ ಬಾಗಿಹೋಗಿದೆ.

ಗೋಡೆಯ ಮೇಲೆ ಚೌಕಟ್ಟು ಹಾಕಿದ ಕರಾರುಪತ್ರವಿದೆ, ಎಂಟು ವರ್ಷದ ಹಿಂದಿನದು: 'ಇಡಿಯಾದವು ಮಾತ್ರ ಎಣಿಕೆಗೆ ಅರ್ಹವಾಗತಕ್ಕದ್ದು.' ಕೆಳಗೆ ಮೂರು ಸಹಿ, ಒಂದು ಹೆಬ್ಬೆಟ್ಟು. ನಿಯಮ ಅನ್ಯಾಯದ್ದಾದರೂ ವಾಕ್ಯರಚನೆ ಅಚ್ಚುಕಟ್ಟಾಗಿದೆ ಎಂಬುದನ್ನು ಒಪ್ಪಲೇಬೇಕು.

ಮೇ ೧೦, ಭಾನುವಾರ

ಅರ್ಜಿ ಸಿದ್ಧವಾಯಿತು. ಮೂರು ದಿನ ಹಿಡಿಯಿತು. ನಿವೃತ್ತಿಯ ನಂತರ ಇಷ್ಟು ತೃಪ್ತಿ ಕೊಟ್ಟ ಬರವಣಿಗೆ ಬೇರೊಂದಿಲ್ಲ. ಬೀರುವಿನಂಥ ಬಿಡಿ ಸಂಗತಿಗಳಿಗೆ ಇಳಿಯದೆ, ತತ್ತ್ವದ ನೆಲೆಯಲ್ಲಿಯೇ ನಿಂತು, ಯಾವ ಆಕ್ಷೇಪಕ್ಕೂ ಎಡೆಯಿಲ್ಲದಂತೆ ಕಟ್ಟಿದ್ದೇನೆ. ಧರ್ಮಸಭೆಯ ಬೋಧನೆಯನ್ನು ಧರ್ಮಸಭೆಯೇ ಅಲ್ಲಗಳೆಯುವಂತಿಲ್ಲವಲ್ಲ!

ನಾಲ್ವರೂ ಬಂದು ಸಹಿ ಹಾಕಿದರು. ಹಿಟ್ಟಿನಜ್ಜಿ ಹೆಬ್ಬೆಟ್ಟು ಒತ್ತಿದರು. ಅಚ್ಚಿನಾಕೆ ಬೆರಳಿಟ್ಟು ಓದುತ್ತ ಹೋದಳು, ಪುಟ ತಿರುವಿ ಮತ್ತೆ ಮೊದಲಿಗೆ ಬಂದಳು.

"ಟೀಚರ್, ಬೀರು ಎಲ್ಲಿ ಹೋಯ್ತು?"

"'ಉತ್ಪಾದನಾ ಪರಿಸರದ ನ್ಯೂನತೆ' ಎಂದಿದೆಯಲ್ಲ. ಅದರಲ್ಲಿ ಬೀರೂ ಬಂತು, ಇತರ ಎಲ್ಲವೂ ಬಂತು."

"ಹಾಂ." ಹಾಳೆಯನ್ನು ಮೇಜಿನ ಮೇಲಿಟ್ಟಳು. "ದೊಡ್ಡ ದೊಡ್ಡ ಮಾತಿದೆ. ಹೀಗಿದ್ರೇನೇ ಅವರು ಕೇಳೋದು ಅಲ್ವಾ?"

"ಖಂಡಿತವಾಗಿ."

ಹಾಸ್ಟೆಲಿನವರು ಜೂನ್ ಇಪ್ಪತ್ತೈದರೊಳಗೆ ತಿಳಿಸಬೇಕೆಂದಿದ್ದಾರಂತೆ, ಮಗಳನ್ನು ಮನೆಗೆ ಕರೆದೊಯ್ಯುವುದೋ ಇನ್ನೊಂದು ವರ್ಷ ಬಿಡುವುದೋ ಎಂದು. ಅಷ್ಟರೊಳಗೆ ಎಲ್ಲ ಇತ್ಯರ್ಥವಾಗಿರುತ್ತದೆ ಎಂದೆ. ಹೋಗುವಾಗ, ಮಗಳಿಗೆ ಮಲಗಲು ಒಂದು ಮಡಿಸುವ ಮಂಚ ನೋಡಿಟ್ಟಿದ್ದೇನೆ ಎಂದು ತಂಗಿಗೆ ಹೇಳುತ್ತಿದ್ದದ್ದು ಕೇಳಿಸಿತು.

ಮೇ ೧೬, ಶನಿವಾರ

ಸಮಿತಿಯ ಸಭೆ. ಬರೆಯದಿರಬಹುದು, ಆದರೆ ಬರೆಯದಿದ್ದರೆ ಅದೂ ಒಂದು ಸುಳ್ಳಾಗುತ್ತದೆ.

ಹಿರಿಯ ಗುರುಗಳಾದ ದೊಡ್ಡ ಫಾದರ್ ಅವರ ಅಧ್ಯಕ್ಷತೆ. ನಾನು ಎಂದಿನಂತೆ ಮೇಜಿನ ಬದಿಯಲ್ಲಿ ನಡಾವಳಿ ಪುಸ್ತಕದೊಂದಿಗೆ. ಅಚ್ಚಿನಾಕೆಯನ್ನು ಒಳಗೆ ಕರೆದರು. ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದಳು. ಕುಳಿತುಕೊಳ್ಳಲು ಯಾರೂ ಹೇಳಲಿಲ್ಲ.

ವಕೀಲರು ಅರ್ಜಿಯನ್ನು ಕೈಯಲ್ಲಿ ಹಿಡಿದಿದ್ದರು. "ತುಂಬಾ ಚೆನ್ನಾಗಿದೆಯಮ್ಮ. ನಿಜವಾಗಲೂ ಚೆನ್ನಾಗಿದೆ. ಇದೊಂದು ಮಾತು ನೋಡು: 'ಶ್ರಮದ ಅಂತಸ್ಸತ್ತ್ವಕ್ಕೆ ಅನುರೂಪವಾದ ಕೌಟುಂಬಿಕ ಪರ್ಯಾಪ್ತತೆ.' ಏನಿದು? ಸ್ವಲ್ಪ ಬಿಡಿಸಿ ಹೇಳು, ನಮಗೂ ತಿಳೀಲಿ."

ಯಾರೋ ನಕ್ಕರು. ಅಚ್ಚಿನಾಕೆ ಅರ್ಜಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ನಡಾವಳಿ ಬರೆಯುವವರು ಚರ್ಚೆಯಲ್ಲಿ ಬಾಯಿ ಹಾಕತಕ್ಕದ್ದಲ್ಲ. ಈ ನಿಯಮವನ್ನು ಸಮಿತಿಗೆ ಕಲಿಸಿದವಳು ನಾನೇ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಮುರಿದಿಲ್ಲ.

"ಬೀರು ಕೆಟ್ಟಿದೆ ಸಾರ್" ಎಂದಳು.

"ಬೀರಾ? ಯಾವ ಬೀರು? ಅರ್ಜಿಯಲ್ಲಿ ಬೀರಿನ ವಿಷಯ ಎಲ್ಲೂ ಇಲ್ಲವಲ್ಲ."

"ಇದೆ ಅಂದ್ರು... ಅದರೊಳಗೇ ಬಂತು ಅಂದ್ರು."

"ಯಾರಮ್ಮ ಅಂದಿದ್ದು?"

ಆಕೆ ತಲೆ ತಗ್ಗಿಸಿದಳು. ಹೇಳಲಿಲ್ಲ. ನಾನೂ ಹೇಳಲಿಲ್ಲ.

ವಕೀಲರು ಕನ್ನಡಕ ತೆಗೆದರು. "ನೋಡಮ್ಮ, ಯಾರೋ ಓದಿದವರು ಬರೆದುಕೊಟ್ಟಿದ್ದಾರೆ, ನೀವು ಸಹಿ ಹಾಕಿದ್ದೀರಿ. ಕಂಡೋರ ಮಾತು ಕಟ್ಟಿಕೊಂಡು ನಮ್ಮನಮ್ಮಲ್ಲೇ ಯಾಕೆ ಮನಸ್ತಾಪ? ಅರ್ಜಿಯಲ್ಲಿರೋ ತತ್ತ್ವವನ್ನ ನಾವ್ಯಾರೂ ಬೇಡ ಅನ್ನಲ್ಲ. ಭಾಷಣದಲ್ಲಿ ಕೇಳಿ ಚಪ್ಪಾಳೆ ತಟ್ಟಿದವರೇ ನಾವು."

ನಾನು ಬರೆದೆ: 'ಅರ್ಜಿಯಲ್ಲಿ ಅಡಕವಾದ ತತ್ತ್ವಗಳನ್ನು ಸಮಿತಿಯು ಹೃತ್ಪೂರ್ವಕವಾಗಿ ಅನುಮೋದಿಸಿತು. ಕೂಲಿಯು ಹಾಲಿ ಕರಾರಿನಂತೆಯೇ ಮುಂದುವರಿಯತಕ್ಕದ್ದು. ಅರ್ಜಿದಾರರು ವಿವರಣೆ ನೀಡಲು ಅಶಕ್ತರಾದರು.'

ಅಕ್ಷರಗಳು ಎಂದಿನಂತೆಯೇ ಗುಂಡಗಿವೆ.

ಮೇ ೧೭, ಭಾನುವಾರ

ಪೂಜೆಗೆ ಹೋದೆ. ಅಂಗೈಯಲ್ಲಿಟ್ಟ ಓಸ್ತಿಯ ಅಂಚು ಸುತ್ತಲೂ ನುಣುಪಾಗಿತ್ತು. ಎಣಿಕೆಗೆ ಸೇರಿದ್ದು.

 

ಮೇ ೨೧, ಗುರುವಾರ

ಗಂಟೆ ಫಾದರ್ ಅವರ ಕಚೇರಿಗೆ ಹೋಗಿ, ಅರ್ಜಿ ಬರೆದವಳು ನಾನು ಎಂದು ಹೇಳಿದೆ. ದಾರಿಯುದ್ದಕ್ಕೂ ಅದನ್ನು ಹೇಗೆ ಹೇಳಬೇಕೆಂದು ಮೂರು ಬಗೆಯಾಗಿ ಜೋಡಿಸಿಕೊಂಡಿದ್ದೆ.

"ಗೊತ್ತು ಮಿಸ್. ಮೊದಲನೇ ಸಾಲಲ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಳಿತಿದ್ದೆಯಾ?"

"ನೀವೂ ಕೂತಿದ್ರಲ್ಲ ಮಿಸ್."

ಅವರು ನನ್ನನ್ನು ಹಂಗಿಸಲು ಹೇಳಲಿಲ್ಲ. ದಣಿದ ದನಿಯಲ್ಲಿ ಹೇಳಿದರು. ಕಾರ್ಖಾನೆಯ ಓಸ್ತಿ ಮೊಹರು ಮಾಡಿದ ಪೆಟ್ಟಿಗೆಯಲ್ಲಿ ಅಗ್ಗಕ್ಕೆ ಬರುತ್ತಿದೆಯಂತೆ. ಇತರ ಚರ್ಚುಗಳು ನಮ್ಮಲ್ಲಿ ಕೊಳ್ಳುವುದನ್ನು ಒಂದೊಂದಾಗಿ ನಿಲ್ಲಿಸುತ್ತಿವೆಯಂತೆ. ಬೀರುವಿನ ದುರಸ್ತಿಯನ್ನು ಅವರು ಮೂರು ಸಲ ಕೇಳಿದರೂ ಸಮಿತಿ ಒಪ್ಪಿಲ್ಲ.

"ದುರಸ್ತಿ ಮಾಡಿಸಿದ್ರೆ ಕೋಣೆ ನಡೆಸ್ಬೇಕಾಗುತ್ತೆ ಮಿಸ್. ಅದು ತಾನಾಗಿ ಮುಚ್ಚಿಹೋಗ್ಲಿ ಅನ್ನೋದು ಅವರ ಲೆಕ್ಕ. ನಿಮ್ಮ ಭಾಷಣ ಇಡಿಸಿದ್ದು ಯಾಕೆ ಅಂದ್ಕೊಂಡ್ರಿ? ನಾನು ಹೇಳಿದ್ರೆ ಕೇಳಲ್ಲ, ನೀವು ಹೇಳಿದ್ರಾದ್ರೂ ಮನಸ್ಸು ಕರಗುತ್ತೇನೋ ಅಂತ. ಕರಗ್ಲಿಲ್ಲ, ಚಪ್ಪಾಳೆ ತಟ್ಟಿದ್ರು."

ಪೆನ್ಸಿಲಿನ ಮೊದಲ ಅರ್ಜಿಯನ್ನೇ ಸಮಿತಿಯ ಮುಂದಿಡಬಹುದೇ ಎಂದು ಕೇಳಿದೆ. ಒಮ್ಮೆ ತೀರ್ಮಾನವಾದ ವಿಷಯವನ್ನು ಆರು ತಿಂಗಳು ಮತ್ತೆ ಎತ್ತುವಂತಿಲ್ಲ ಎಂದರು. ಆ ನಿಯಮ ನನಗೇ ನೆನಪಿರಬೇಕಿತ್ತು.

ಎದ್ದು ಬರುವಾಗ ಕೇಳಿದೆ: "ಆ ಗೋಡೆಯ ಮೇಲಿನ ಕರಾರು, ಇಡಿಯಾದವು ಮಾತ್ರ ಎಣಿಕೆಗೆ ಎಂಬುದು, ಯಾರು ಬರೆದದ್ದು?"

ಅವರು ಕಿಟಕಿಯ ಕಡೆ ನೋಡಿದರು. "ಆಗಿನ ಫಾದರ್ ಏನೋ ಗೀಚಿಕೊಟ್ಟಿದ್ರಂತೆ. ಭಾಷೆ ಸರಿ ಮಾಡಿಕೊಟ್ಟಿದ್ದು ನೀವೇ ಮಿಸ್. ಕಡತದಲ್ಲಿ ನಿಮ್ಮ ಕೆಂಪು ಮಸಿ ಇನ್ನೂ ಹಾಗೇ ಇದೆ."

ನನಗೆ ನೆನಪೇ ಇಲ್ಲ. ಎಷ್ಟೋ ಕಾಗದಗಳನ್ನು ತಿದ್ದಿಕೊಟ್ಟಿದ್ದೇನೆ.

ಮೇ ೨೫, ಸೋಮವಾರ

ಅಚ್ಚಿನಾಕೆಯ ಮನೆಯನ್ನು ಹುಡುಕಿಕೊಂಡು ಹೋದೆ. ಮೂರನೆಯ ಮಹಡಿ, ಒಂದೇ ಕೋಣೆ. ಗೋಡೆಯ ಬದಿಯಲ್ಲಿ ಒಂದು ಚಾಪೆಯಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಾಳೆ. ಮೇಲೆ ಮೊಳೆಯಲ್ಲಿ ಹುಡುಗಿಯ ಸ್ವೆಟರ್. ತೋಳು ಚಿಕ್ಕದು, ಈಗಿನ ಅಳತೆಯದಲ್ಲ.

ಕ್ಷಮಾಪಣೆ ಕೇಳಲು ಹೋದವಳು ಕ್ಷಮಾಪಣೆ ಕೇಳದೆ, ಮಗಳ ಖರ್ಚಿಗೆ ತಿಂಗಳು ತಿಂಗಳು ನನ್ನ ಪಿಂಚಣಿಯಿಂದ ಕೊಡುತ್ತೇನೆ ಎಂದುಬಿಟ್ಟೆ.

ಆಕೆ ಸ್ಟವ್ ಆರಿಸಿ ಬಂದು ಎದುರಿಗೆ ಕುಳಿತಳು.

"ನೀವು ಒಳ್ಳೆಯವರು ಟೀಚರ್. ಬೇಡ."

"ಯಾಕೆ? ಹುಡುಗಿ ಮನೆಗೆ ಬರುವುದು ಮುಖ್ಯವಲ್ಲವೇ?"

"ಮುಖ್ಯಾನೇ. ಆದ್ರೆ ಅವಳು ಕೇಳ್ತಾಳೆ, ಅಮ್ಮ ಯಾರ ದುಡ್ಡು ಇದು ಅಂತ. ಟೀಚರದು ಅಂತ ಹೇಳ್ಬೇಕು. ನಾನು ದಿನಾ ಒಂಬತ್ತು ಗಂಟೆ ಅಚ್ಚು ಹಾಕಿ ಬಂದು ಟೀಚರ ದುಡ್ಡು ಅಂತ ಹೇಳ್ಬೇಕು." ಸ್ವಲ್ಪ ತಡೆದು, "ನೀವೇ ಅಲ್ವಾ ಹೇಳಿದ್ದು, ಕನಿಕರ ಕೇಳ್ಬಾರದು ಅಂತ?"

ಚಹಾ ಕೊಟ್ಟಳು. ಕುಡಿದು ಎದ್ದುಬಂದೆ.

ಜೂನ್ ೮, ಸೋಮವಾರ

ಈಚೆಗೆ ಆಗಾಗ ಓಸ್ತಿಕೋಣೆಗೆ ಹೋಗಿ ಬಿಲ್ಲೆ ಆರಿಸಲು ಕೈಜೋಡಿಸುತ್ತಿದ್ದೇನೆ. ಇಂದು ಒದ್ದೆ ಬಟ್ಟೆ ಹೊದಿಸಿ ಹಾಳೆಗಳನ್ನು ಮೆದು ಮಾಡಲು ನೋಡಿದೆವು. ಅಂಚೆಲ್ಲ ಅಂಟಾಯಿತು, ನಡುವೆ ಒಣಗಿಯೇ ಇತ್ತು. ಹಿಟ್ಟಿನಜ್ಜಿ "ಇರ್ಲಿ ಬಿಡಿ ಟೀಚರಮ್ಮ, ನಿಮ್ಮ ಬೈಗುಳಕ್ಕೆ ಹೆದರಿ ಹಾಳೆ ಮೆದುವಾಗುತ್ತಾ?" ಎಂದು ನಕ್ಕರು. ಅವರೆಲ್ಲರೂ ನಕ್ಕರು. ನಾನೂ.

ಜೂನ್ ೧೦, ಬುಧವಾರ

ಆರಿಸುವ ಕೆಲಸಕ್ಕೆ ಕನ್ನಡಕ ಬದಲಿಸಬೇಕು.

ಜೂನ್ ೨೦, ಶನಿವಾರ

ಸಮಿತಿಯ ಸಭೆ. ಹಿಂದಿನ ನಡಾವಳಿಯನ್ನು ಓದಿ ಅಂಗೀಕರಿಸುವ ಹೊತ್ತಿಗೆ ನಾನು ಎದ್ದು ನಿಂತೆ. "ಇದರಲ್ಲಿ ಒಂದು ತಪ್ಪಿದೆ. ಅರ್ಜಿದಾರರು ಅಶಕ್ತರಾಗಿರಲಿಲ್ಲ. ಅರ್ಜಿ ಅವರದಲ್ಲ. ಅವರು ಬರೆದದ್ದರಿಂದ ಬೀರನ್ನೂ ಮಗಳನ್ನೂ ಕಿತ್ತುಹಾಕಿ ಬರೆದವಳು ನಾನು" ಎಂದೆ. ಪೆನ್ಸಿಲಿನ ಹಾಳೆಗಳನ್ನು ಓದಿದೆ. ಕೆಂಪು ಗೆರೆಗಳ ನಡುವೆ ಅಕ್ಷರ ಹುಡುಕಿಕೊಳ್ಳಲು ನನಗೇ ಕಷ್ಟವಾಯಿತು. ಎರಡು ಕಡೆ ತಡವರಿಸಿದೆ.

ಎಲ್ಲರೂ ಗೌರವದಿಂದ ಕೇಳಿದರು. ದೊಡ್ಡ ಫಾದರ್ ಕಣ್ಣು ಮುಚ್ಚಿಕೊಂಡಿದ್ದರು. ವಕೀಲರು ಎದ್ದು ಬಂದು ನನಗೆ ನೀರು ಕೊಟ್ಟರು.

"ಟೀಚರ್, ನಿಮ್ಮ ದೊಡ್ಡ ಮನಸ್ಸು ಇದು. ಖಂಡಿತ ದಾಖಲು ಮಾಡಿಕೊಳ್ಳಿ."

ದಾಖಲು ಮಾಡಿಕೊಳ್ಳಬೇಕಾದವಳು ನಾನೇ. ಕುಳಿತು ಬರೆದುಕೊಂಡೆ. ಮುಂದಿನ ವಿಷಯ ಗೋಪುರಕ್ಕೆ ಬಣ್ಣ.

ಜೂನ್ ೨೩, ಮಂಗಳವಾರ

ಐದು ಗಂಟೆಗೆ ಅಚ್ಚು ನಿಂತಿತು. ಐದೂ ಕಾಲಿಗೆ ಅಚ್ಚಿನಾಕೆ ಬಂದರು. ಕುಳಿತುಕೊಳ್ಳಿ ಎಂದೆ, ಕುಳಿತರು. ತಂಗಿ ಕೇಳದೆಯೇ ಚಹಾಕ್ಕೆ ನೀರಿಟ್ಟಳು.

"ಸಮಿತೀಲಿ ಓದಿದ್ರಂತೆ. ಗಂಟೆ ಫಾದರ್ ಹೇಳಿದ್ರು."

"ಓದಿದೆ. ಏನೂ ಆಗಲಿಲ್ಲ."

"ಗೊತ್ತು." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಟೀಚರ್, ಇನ್ನೊಂದು ಅರ್ಜಿ ಬರೆದುಕೊಡ್ಬೇಕು. ಹಾಸ್ಟೆಲಿಗೆ. ಇನ್ನೊಂದು ವರ್ಷ ಇಟ್ಕೊಳ್ಳಿ ಅಂತ."

ನಾನು ಪೆನ್ನು ಎತ್ತಿಕೊಂಡೆ. "ನೀವು ಹೇಳುತ್ತ ಹೋಗಿ. ನಿಮ್ಮ ಮಾತಿನಲ್ಲಿಯೇ. ಒಂದಕ್ಷರವನ್ನೂ ಬದಲಿಸುವುದಿಲ್ಲ. ಹಾಗೆಯೇ ಬರೆಯುತ್ತೇನೆ."

"ಬೇಡ."

"ಯಾಕೆ?"

"ಇದಕ್ಕೆ ನನ್ನ ಮಾತು ಬೇಡ ಟೀಚರ್. ನಿಮ್ಮದೇ ಹಾಕಿ. ಆ ದೊಡ್ಡ ದೊಡ್ಡದು ಇದೆಯಲ್ಲ, ಅದನ್ನೇ."

ನಾನು ಬರೆದೆ. 'ಅನಿವಾರ್ಯ ಕೌಟುಂಬಿಕ ಕಾರಣಗಳಿಂದಾಗಿ', 'ಪ್ರಸ್ತುತ ಶೈಕ್ಷಣಿಕ ವರ್ಷಕ್ಕೂ ವಿಸ್ತರಿಸಿ', 'ಕೃಪೆದೋರಬೇಕಾಗಿ ವಿನಂತಿ'. ಹತ್ತು ಸಾಲು. ಎಲ್ಲಿಯೂ ತಡೆಯಲಿಲ್ಲ; ನಲವತ್ತು ವರ್ಷದ ಅಭ್ಯಾಸ. ಗಟ್ಟಿಯಾಗಿ ಓದಿದೆ. ಅವರು ಕೊನೆಯವರೆಗೆ ತಲೆ ಬಾಗಿಸಿಕೊಂಡು ಕೇಳಿದರು, ಓಸ್ತಿಯ ಹಾಳೆಗಳನ್ನು ಕಿವಿಗೆ ಹಿಡಿದು ಕೇಳುತ್ತಾರಲ್ಲ, ಹಾಗೆ.

"ಚೆನ್ನಾಗಿದೆ ಟೀಚರ್. ಇದನ್ನ ಓದಿದ್ರೆ ಯಾರಿಗೂ ಏನೂ ಅನ್ಸಲ್ಲ."

ಸಹಿ ಹಾಕಿ, ಮಡಿಸಿ, ಸೆರಗಿನ ತುದಿಯಿಂದ ಒತ್ತಿ ಗೆರೆ ಮಾಡಿದರು.

ಜೂನ್ ೨೫, ಗುರುವಾರ

ಹಾಸ್ಟೆಲಿನವರು ಅರ್ಜಿಯನ್ನು ಕೊಟ್ಟ ದಿನವೇ ಮಂಜೂರು ಮಾಡಿದರಂತೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಅರ್ಜಿ ಬಹಳ ಚೆನ್ನಾಗಿದೆ ಎಂದು ಅಲ್ಲಿಯ ಸಿಸ್ಟರ್ ಹೊಗಳಿದರಂತೆ.

ಈ ವರ್ಷ ನಾನು ಬರೆದವುಗಳಲ್ಲಿ ಫಲಿಸಿದ್ದು ಇದೊಂದೇ.

ಬೆಳಗಿನಿಂದ ಗೋಡೆಗೆ ಕಿವಿಗೊಟ್ಟು ಕುಳಿತಿದ್ದೇನೆ. ಟಕ್. ಟಕ್. ಎಲ್ಲ ಸದ್ದುಗಳೂ ಒಂದೇ ಬಗೆ. ಯಾವುದು ಇಡಿಯಾಗಿ ಬಿತ್ತು, ಯಾವುದು ಒಡೆಯಿತು ಎಂಬುದು ಗೋಡೆಯ ಈ ಕಡೆಗೆ ಕೇಳಿಸುವುದಿಲ್ಲ.